ಮೂವತ್ತಾರು, ಅರವತ್ತಮೂರು



ಬೀಜಗಣಿತವನ್ನು ಕುರಿತು ಬಾನುಲಿಯಲ್ಲಿ ಮಾತನಾಡಹೊರಟವನ ಪಾಡು ಸುಲಭವಾದುದಲ್ಲ. ಇಲ್ಲಿ ಕರಿಹಲಗೆಯಿಲ್ಲ, ಸೀಮೆಸುಣ್ಣವಿಲ್ಲ, ಎದುರಿಗೆ ಕುಳಿತವರ ಹುಬ್ಬು ಗಂಟಿಕ್ಕಿತೇ ಸಡಿಲವಾಯಿತೇ ಎಂಬುದನ್ನು ನೋಡಿ ಮಾತನ್ನು ತಿದ್ದಿಕೊಳ್ಳುವ ಅನುಕೂಲವೂ ಇಲ್ಲ. ಆದರೆ ಈ ಕೊರತೆಯಿಂದ ಒಂದು ಉಪಕಾರವುಂಟು. ನಾನು ಈ ಹೊತ್ತು ಆರಿಸಿಕೊಂಡಿರುವ ಲೆಕ್ಕಗಳು ಕಣ್ಣಿಗಿಂತ ಕಿವಿಗೆ ಹೆಚ್ಚು ಒಲಿಯತಕ್ಕವು. ಅವನ್ನು ಹಲಗೆಯ ಮೇಲೆ ಬರೆದ ಕೂಡಲೇ ಹುಡುಗರು ತಪ್ಪುವರು. ಬಾಯಲ್ಲಿ ಗಟ್ಟಿಯಾಗಿ ಹೇಳಿಕೊಂಡರೆ ಅವರಲ್ಲಿ ಅನೇಕರು ದಾರಿಗೆ ಬರುವರು. ಇದು ಏತಕ್ಕೆ ಹೀಗೆ ಎಂಬುದೇ ನನ್ನ ವಿಷಯ.

ಮೊದಲು ಲೆಕ್ಕದ ಮಾದರಿಯೊಂದನ್ನು ಕೇಳಿ. ಎರಡು ಅಂಕಿಗಳ ಒಂದು ಸಂಖ್ಯೆಯುಂಟು. ಆ ಅಂಕಿಗಳನ್ನು ಕೂಡಿದರೆ 9 ಬರುವುದು. ಅಂಕಿಗಳನ್ನು ತಿರುವುಮುರುವು ಮಾಡಿದರೆ ಬರುವ ಸಂಖ್ಯೆಯು ಮೊದಲಿನದಕ್ಕಿಂತ 27 ಹೆಚ್ಚು. ಆ ಸಂಖ್ಯೆ ಯಾವುದು? ಹಾಲ್ ಮತ್ತು ನೈಟ್ ಎಂಬ ಇಬ್ಬರು ಆಂಗ್ಲ ಉಪಾಧ್ಯಾಯರು 1885ರಲ್ಲಿ ಪ್ರಕಟಿಸಿದ ಬೀಜಗಣಿತದ ಪುಸ್ತಕವು ನಮ್ಮ ದೇಶದ ಶಾಲೆಗಳಲ್ಲಿ ಬಹುಕಾಲ ನಡೆಯಿತು. ಅದನ್ನು ಓದಿದ ಹಿರಿಯರಿಗೆ ಈ ಜಾತಿಯ ಪ್ರಶ್ನೆಗಳು ಹಳೆಯ ಪರಿಚಯದವು. ಇಂದಿನ ಹತ್ತನೆಯ ತರಗತಿಯ ಮಕ್ಕಳೂ ಇವನ್ನು ಬಿಡಿಸುತ್ತಲೇ ಇದ್ದಾರೆ. ಪುಸ್ತಕಗಳು ಬದಲಾದವು, ಕಲಿಸುವ ಭಾಷೆಯೂ ಬದಲಾಯಿತು. ಆದರೆ ಇವು ಮಾತ್ರ ಉಳಿದುಕೊಂಡಿವೆ. ಸೂತ್ರಗಳನ್ನು ತಪ್ಪಿಲ್ಲದೆ ಒಪ್ಪಿಸುವ ಜಾಣ ಹುಡುಗಿಯೊಬ್ಬಳು ಇಂತಹ ಲೆಕ್ಕದ ಮುಂದೆ ಲೇಖನಿಯನ್ನು ಕಚ್ಚುತ್ತ ಕುಳಿತುಬಿಡುವುದನ್ನೂ, ತನಗೆ ಗಣಿತ ಹತ್ತದೆಂದು ಅಂದೇ ತೀರ್ಮಾನಿಸಿಕೊಳ್ಳುವುದನ್ನೂ ಕಲಿಸುವವರೆಲ್ಲರೂ ಕಂಡಿರುವರು. ಅವಳಿಗೆ ಹತ್ತದೆ ಹೋದದ್ದು ಗಣಿತವಲ್ಲ, ಒಂದು ವಾಕ್ಯ ಮಾತ್ರ.

ವಾಕ್ಯಕ್ಕೆ ಅರ್ಥ ಹೇಳುವ ಕೆಲಸವು ನಮ್ಮ ನಾಡಿನಲ್ಲಿ ಪಂಡಿತರಿಗೆ ಮಾತ್ರ ಬಿಟ್ಟದ್ದಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಯ ಕಾಲದಲ್ಲಿ ಹೋದವರು ಇದನ್ನು ಕಣ್ಣಾರೆ ಕಾಣಬಹುದು. (ಈ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು 1953ರವರೆಗೆ ಮದರಾಸಿಗೆ ಸೇರಿತ್ತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ.) ಡೆಂಗನಮರಡಿಯಲ್ಲಿ ಜನಸಾಗರವು ಕಾದಿರಲಾಗಿ, ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗುವನು. ಅಷ್ಟು ದೊಡ್ಡ ಗುಂಪು ಉಸಿರು ಬಿಗಿಹಿಡಿಯುವುದು. ಆತನು ಒಂದೇ ಮಾತಿನ ಕಾರ್ಣಿಕವನ್ನು ನುಡಿದು ಕೆಳಕ್ಕೆ ಬೀಳುವನು. ಆಮೇಲೆ ನಡೆಯುವುದೆಲ್ಲ ವ್ಯಾಖ್ಯಾನ. ಒಕ್ಕಲಿಗನು ಅದರಲ್ಲಿ ಮಳೆಬೆಳೆಗಳನ್ನು ಕಾಣುವನು. ವ್ಯಾಪಾರಿಯು ಧಾರಣೆಯನ್ನು ಕಾಣುವನು. ರಾಜಕಾರಣಿಯು ತನಗೆ ಬೇಕಾದುದನ್ನು ಕಾಣುವನು. ಕಾರ್ಣಿಕದ ಹಿರಿಮೆಯೇ ಅದು ಹಲವು ಅರ್ಥಗಳಿಗೆ ಎಡೆಗೊಡುವುದರಲ್ಲಿದೆ. ಗಣಿತದ ವಾಕ್ಯವು ಇದಕ್ಕೆ ತೀರ ವಿರುದ್ಧವಾದುದು. ಅದಕ್ಕೆ ಒಂದೇ ಅರ್ಥ. ಆದರೆ ಅದನ್ನು ಕೇಳುವಾಗ ಬೇಕಾದ ಮೌನವು ಮಾತ್ರ ಅದೇ.

ಅದೇ ಜಾತ್ರೆಯಲ್ಲಿ ಭಕ್ತರು ‘ಏಳುಕೋಟಿ, ಏಳುಕೋಟಿ’ ಎಂದು ಘೋಷಿಸುವುದನ್ನು ನೀವು ಕೇಳಿರಬಹುದು. ಈ ಏಳುಕೋಟಿಯನ್ನು ಅಂಕಿಯಲ್ಲಿ ಬರೆದರೆ ಒಂದು ಏಳು, ಅದರ ಮುಂದೆ ಸರಿಯಾಗಿ ಏಳು ಸೊನ್ನೆಗಳು ಬರುವುವು. ಬರೆದ ಅಂಕಿಯೊಂದೇ, ಬೆಲೆಯೆಲ್ಲ ಅದು ನಿಂತ ಸ್ಥಾನದ್ದು. ಬಿಡಿ, ಹತ್ತು, ನೂರು, ಸಾವಿರ ಎಂದು ಒಂದೊಂದು ಮೆಟ್ಟಲೇರಿದಂತೆಲ್ಲ ಅದೇ ಏಳು ಹತ್ತುಪಟ್ಟು ಬೆಳೆಯುವುದು. ಆದುದರಿಂದ ಅಂಕಿಯೆಂಬುದು ಬೇರೆ, ಸಂಖ್ಯೆಯೆಂಬುದು ಬೇರೆ. ಅಕ್ಷರಕ್ಕೂ ಪದಕ್ಕೂ ಇರುವ ಅಂತರವೇ ಇವೆರಡಕ್ಕೂ ಇರುವುದು. ಕನ್ನಡದಲ್ಲಿ ಇವಕ್ಕೆ ಎರಡು ಬೇರೆ ಬೇರೆ ಹೆಸರುಗಳಿರುವುದು ನಮ್ಮ ಪುಣ್ಯ.

ಈಗ ಹುಡುಗರು ಎಲ್ಲಿ ತಪ್ಪುವರೆಂಬುದನ್ನು ನೋಡೋಣ. ಗೊತ್ತಿಲ್ಲದ ಮೊತ್ತಕ್ಕೆ ಹೆಸರಿಡುವ ಪದ್ಧತಿಯು ನಮ್ಮಲ್ಲಿ ಬಹಳ ಹಳೆಯದು. ಭಾಸ್ಕರಾಚಾರ್ಯನು 1150ರ ಸುಮಾರಿಗೆ ರಚಿಸಿದ ಬೀಜಗಣಿತದಲ್ಲಿ ಮೊದಲನೆಯ ಅವ್ಯಕ್ತವನ್ನು ಯಾವತ್ತಾವತ್ ಎಂದೂ, ಎರಡನೆಯದನ್ನು ಕಾಲಕ ಎಂದೂ, ಮುಂದಿನವನ್ನು ನೀಲಕ, ಪೀತಕ ಎಂದು ಬಣ್ಣಗಳಿಂದಲೂ ಕರೆದು, ಯಾ, ಕಾ, ನೀ, ಪೀ ಎಂದು ಮೊದಲಕ್ಷರಗಳನ್ನಷ್ಟೆ ಬರೆಯುವನು. ನಾವೂ ಹಾಗೆಯೇ ಹತ್ತರ ಸ್ಥಾನದ ಅಂಕಿಯನ್ನು ‘ಯಾ’ ಎಂದೂ, ಬಿಡಿಸ್ಥಾನದ ಅಂಕಿಯನ್ನು ‘ಕಾ’ ಎಂದೂ ಕರೆಯೋಣ. ಸಂಖ್ಯೆ ಎಷ್ಟಾಯಿತು? ಹುಡುಗನು ಹಿಂದುಮುಂದು ನೋಡದೆ ‘ಯಾಕಾ’ ಎಂದು ಎರಡನ್ನೂ ಒತ್ತೊತ್ತಾಗಿ ಬರೆದುಬಿಡುವನು. ಇದನ್ನು ದಡ್ಡತನವೆಂದು ಬೈಯುವವರುಂಟು, ನಾನು ಬೈಯಲಾರೆ. ಅಂಕಗಣಿತದಲ್ಲಿ 3ರ ಪಕ್ಕದಲ್ಲಿ 6ನ್ನು ಇಟ್ಟರೆ ಮೂವತ್ತಾರು ಎಂದರ್ಥ. ಬೀಜಗಣಿತದಲ್ಲಿ ಒಂದು ಅಕ್ಷರದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟರೆ ಅವುಗಳ ಗುಣಲಬ್ಧವೆಂದರ್ಥ, ಎಂದರೆ ಹದಿನೆಂಟು. ಒಂದೇ ಬರಹಕ್ಕೆ ಎರಡು ಶಾಸ್ತ್ರಗಳಲ್ಲಿ ಎರಡು ಕಟ್ಟಳೆ. ಇವೆರಡೂ ಎದುರುಬದುರಾಗುವ ಸಂದಿಯಲ್ಲಿ ನಾವು ಆ ಹುಡುಗನನ್ನು ನಿಲ್ಲಿಸಿ, ಆಮೇಲೆ ಅವನು ಎಡವಿದನೆಂದು ಆಶ್ಚರ್ಯಪಡುತ್ತೇವೆ!

ಇಲ್ಲಿ ಕನ್ನಡವು ನೆರವಿಗೆ ಬರುವುದು. ಮೂವತ್ತಾರು ಎಂಬ ಮಾತನ್ನು ಮೆಲ್ಲಗೆ ಬಿಡಿಸಿ ಹೇಳಿಕೊಳ್ಳಿ. ಮೂರು ಹತ್ತು, ಮೇಲೆ ಆರು. ಅರವತ್ತಮೂರು: ಆರು ಹತ್ತು, ಮೇಲೆ ಮೂರು. ಹತ್ತರ ಸ್ಥಾನವು ಮುಂದೆ, ಬಿಡಿಯು ಹಿಂದೆ. ಬರೆಯುವ ಕ್ರಮವೂ ನುಡಿಯುವ ಕ್ರಮವೂ ಒಂದೇ. ಹದಿಮೂರು ಎಂಬಲ್ಲಿಯೂ ಹತ್ತೇ ಮೊದಲು. ಇಂಗ್ಲಿಷಿನ ‘ಥರ್ಟೀನ್’ ಎಂಬುದರಲ್ಲಿ ಮೂರು ಮುಂದೆ ಬಂದು ಹತ್ತು ಹಿಂದೆ ಬೀಳುವುದು. ಜರ್ಮನರಂತೂ ಮೂವತ್ತಾರನ್ನು ‘ಆರೂ ಮೂವತ್ತೂ’ ಎಂದೇ ಹೇಳುವರು. ಸಂಸ್ಕೃತದ ಷಟ್ತ್ರಿಂಶತ್ ಎಂಬುದರಲ್ಲಿಯೂ ಆರೇ ಮುಂದು. ನಮ್ಮ ತೊಂಬತ್ತು ಎಂಬ ಮಾತು ಸ್ವಲ್ಪ ಒರಟಾದುದು. ಅದೊಂದನ್ನು ಬಿಟ್ಟರೆ ಇಪ್ಪತ್ತು, ಮೂವತ್ತು, ನಲವತ್ತು ಎಂಬ ಮಾತುಗಳು ತಮ್ಮ ಹೊಟ್ಟೆಯೊಳಗಿನ ಗುಣಾಕಾರವನ್ನು ಬಚ್ಚಿಡುವುದಿಲ್ಲ. ‘ಯಾ’ದ ಹತ್ತುಪಟ್ಟಿಗೆ ‘ಕಾ’ವನ್ನು ಕೂಡಿಸು ಎಂದು ಬೀಜಗಣಿತವು ಹೇಳುವುದನ್ನೇ ಮೂವತ್ತಾರು ಎನ್ನುವ ಮಗುವು ದಿನವೂ ಹೇಳುತ್ತಿರುವುದು. ಆ ಮಗುವಿಗೆ ಹೊಸದಾಗಿ ಕಲಿಸಬೇಕಾದುದು ಏನೂ ಇಲ್ಲ. ಆಡುವ ಮಾತನ್ನು ಕೇಳಿಸಿಕೊಳ್ಳುವಂತೆ ಮಾಡಿದರೆ ಸಾಕು.

ಹಾಗಾದರೆ ನಮ್ಮ ಲೆಕ್ಕವನ್ನು ಬಿಡಿಸೋಣ. ಮೊದಲನೆಯ ಮಾತು: ಯಾ + ಕಾ = 9. ಎರಡನೆಯದು ತಿರುವುಮುರುವಿನ ಮಾತು. ಬಿಡಿಸ್ಥಾನದಲ್ಲಿದ್ದ ಒಂದು ಹತ್ತರ ಸ್ಥಾನಕ್ಕೆ ಏರಿದರೆ ಅದರ ಬೆಲೆ ಒಂದಿದ್ದದ್ದು ಹತ್ತಾಗುವುದು. ಎಂದರೆ ಒಂಬತ್ತು ಲಾಭ. ಹತ್ತರ ಸ್ಥಾನದಲ್ಲಿದ್ದ ಒಂದು ಬಿಡಿಗೆ ಇಳಿದರೆ ಒಂಬತ್ತು ನಷ್ಟ. ಆದುದರಿಂದ ಅದಲುಬದಲಿನ ವ್ಯತ್ಯಾಸವು ಅಂಕಿಗಳ ಅಂತರದ ಒಂಬತ್ತುಪಟ್ಟಾಗಿಯೇ ಇರಬೇಕು. 27 ಎಂದರೆ ಒಂಬತ್ತರ ಮೂರುಪಟ್ಟು. ಕಾ ಎಂಬುದು ಯಾ ಎಂಬುದಕ್ಕಿಂತ 3 ಹೆಚ್ಚು. ಕೂಡಿದರೆ ಒಂಬತ್ತು, ಕಳೆದರೆ ಮೂರು ಬರುವ ಅಂಕಿಗಳು ಆರು ಮತ್ತು ಮೂರು. ಸಂಖ್ಯೆ 36, ತಿರುಗಿಸಿದರೆ 63. ಶೈವರ ಮೂವತ್ತಾರು ತತ್ತ್ವಗಳೂ ಅರವತ್ತಮೂವರು ಪುರಾತನರೂ ಒಂದೇ ಲೆಕ್ಕದಲ್ಲಿ ಎದುರುಬದುರಾಗಿ ನಿಂತರು. ಅದು ಕೇವಲ ಕಾಕತಾಳೀಯ, ಅದರಿಂದ ಯಾರೂ ಸಿದ್ಧಾಂತವನ್ನು ಹೊರಡಿಸದಿರಲಿ.

ಉತ್ತರ ಬಂದಮೇಲೆ ಒಂದು ಕೆಲಸ ಉಳಿಯುವುದು. ಅದನ್ನು ಹುಡುಗರು ಮಾಡುವುದಿಲ್ಲ. ಪ್ರಶ್ನೆ ತೆಗೆಯುವವರೂ ಕೆಲವು ವೇಳೆ ಮಾಡುವುದಿಲ್ಲ. ಅದೇ ಲೆಕ್ಕದಲ್ಲಿ ಅಂಕಿಗಳ ಮೊತ್ತವನ್ನು 9ರ ಬದಲು 10 ಎಂದು ಇಟ್ಟರೇನಾದೀತು? ಸಮೀಕರಣಗಳು ಮುಖ ತಿರುಗಿಸದೆ ಉತ್ತರವನ್ನು ಕೊಡುವುವು: ಆರೂವರೆ ಮತ್ತು ಮೂರೂವರೆ. ಆದರೆ ಆರೂವರೆ ಎಂಬ ಅಂಕಿ ಯಾವ ಲಿಪಿಯಲ್ಲಿಯೂ ಇಲ್ಲ. ಸಮೀಕರಣಕ್ಕೆ ತಾನು ಅಂಕಿಗಳನ್ನು ಕುರಿತು ಮಾತನಾಡುತ್ತಿದ್ದೇನೆಂಬುದು ತಿಳಿಯದು. ಅಂಕಿಯೆಂದರೆ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಗುರುತುಗಳಲ್ಲಿ ಒಂದು ಎಂಬ ಮೂರನೆಯ ಷರತ್ತನ್ನು ನಾವೇ ಕಾಯಬೇಕು. ಇನ್ನೊಂದು ಬಗೆಯ ಲೆಕ್ಕ ಕೇಳಿ. ಸಂಖ್ಯೆಯನ್ನೂ ಅದರ ತಿರುವುಮುರುವನ್ನೂ ಕೂಡಿದರೆ 132 ಬರುವುದು; ಅಂಕಿಗಳ ಅಂತರ 2. ಇಲ್ಲಿ ಕೂಡಿದ ಮೊತ್ತವು ಅಂಕಿಗಳ ಮೊತ್ತದ ಹನ್ನೊಂದುಪಟ್ಟು. ಆದುದರಿಂದ ಅಂಕಿಗಳ ಮೊತ್ತ 12. ಅಂಕಿಗಳು ಏಳು ಮತ್ತು ಐದು. ಆದರೆ ಯಾವುದು ಮುಂದು, ಯಾವುದು ಹಿಂದು? ಲೆಕ್ಕವು ಹೇಳಲಿಲ್ಲ. 75 ಸರಿ, 57ಕ್ಕೂ ದೋಷವಿಲ್ಲ. ಎರಡನ್ನೂ ಬರೆದವನೇ ಲೆಕ್ಕವನ್ನು ಪೂರ್ತಿಯಾಗಿ ಓದಿದವನು.

ನನಗೆ ಬಹು ಪ್ರಿಯವಾದ ಇನ್ನೊಂದು ಜಾತಿಯನ್ನು ಹೇಳದೆ ಮುಂದೆ ಹೋಗಲಾರೆ. ತನ್ನ ಅಂಕಿಗಳ ಮೊತ್ತದ ನಾಲ್ಕುಪಟ್ಟು ಇರುವ ಎರಡಂಕಿಯ ಸಂಖ್ಯೆಗಳು ಯಾವುವು? ಬಿಡಿಯ ಅಂಕಿಯು ಹತ್ತರ ಅಂಕಿಯ ಇಮ್ಮಡಿ ಎಂದು ಸಮೀಕರಣವು ಹೇಳುವುದು: 12, 24, 36, 48. ಏಳುಪಟ್ಟು ಇರುವುವು ಯಾವುವು? 21, 42, 63, 84. ನೋಡಿ, ಮೊದಲಿನ ನಾಲ್ಕೇ ತಲೆಕೆಳಗಾಗಿ ಬಂದು ನಿಂತಿವೆ. ನಾಲ್ಕೂ ಏಳೂ ಸೇರಿ ಹನ್ನೊಂದು. ಸಂಖ್ಯೆಯೂ ಅದರ ತಿರುವುಮುರುವೂ ಸೇರಿದರೆ ಅಂಕಿಗಳ ಮೊತ್ತದ ಹನ್ನೊಂದುಪಟ್ಟು ಎಂದು ಈಗತಾನೇ ಕಂಡೆವಷ್ಟೆ. ಆದುದರಿಂದ ಒಂದರಲ್ಲಿ ಮೂರುಪಟ್ಟಿದ್ದರೆ ಇನ್ನೊಂದರಲ್ಲಿ ಎಂಟುಪಟ್ಟು ಇರಲೇಬೇಕು. 27 ಮತ್ತು 72 ಇದಕ್ಕೆ ಸಾಕ್ಷಿ.

ಇದೆಲ್ಲ ಶಾಲೆಯ ಆಟ, ಬಾಳಿಗೆ ಇದರಿಂದೇನು ಎಂದು ಕೇಳುವವರಿಗೆ ನಾನು ಪೇಟೆಯ ಗುಮಾಸ್ತನನ್ನು ತೋರಿಸುವೆನು. ದಿನದ ಕೊನೆಗೆ ರೋಜುಕಿರ್ದಿಯನ್ನು ಮುಗಿಸುವಾಗ ಪೆಟ್ಟಿಗೆಯಲ್ಲಿರುವ ಶಿಲ್ಕಿಗೂ ಪುಸ್ತಕದ ಶಿಲ್ಕಿಗೂ 54 ರೂಪಾಯಿಗಳ ವ್ಯತ್ಯಾಸ ಬಂದಿತೆನ್ನಿ. ಯಜಮಾನನ ಸಂಶಯದ ದೃಷ್ಟಿಯು ಅವನ ಮೇಲೆ ಬೀಳುವುದು. ಅನುಭವಸ್ಥನಾದ ಗುಮಾಸ್ತನು ಮೊದಲು ಮಾಡುವ ಕೆಲಸವೆಂದರೆ ಆ ಮೊತ್ತವನ್ನು ಒಂಬತ್ತರಿಂದ ಭಾಗಿಸುವುದು. ಶೇಷವಿಲ್ಲದೆ ಆರು ಬಂದಿತು. ಅಂಕಿಗಳು ಅದಲುಬದಲಾಗಿದ್ದರೆ ಅವುಗಳ ಅಂತರ ಆರಾಗಿರಬೇಕು. 17ನ್ನು 71 ಎಂದು ಬರೆದಿರಬಹುದು. 28ನ್ನು 82 ಎಂದೋ, 39ನ್ನು 93 ಎಂದೋ ಬರೆದಿರಬಹುದು. 6ರ ಮುಂದೆ ಸೊನ್ನೆಯನ್ನು ಹೆಚ್ಚಾಗಿ ಬರೆದು 60 ಮಾಡಿದ್ದರೂ ಅದೇ 54. ನೂರಾರು ಬಾಬುಗಳನ್ನು ಮತ್ತೆ ಕೂಡುವ ಬದಲು ಅಂತಹ ಅಂಕಿಗಳನ್ನಷ್ಟೆ ಹುಡುಕಿದರಾಯಿತು. ಒಂದು ಎಚ್ಚರಿಕೆ ಮಾತ್ರ ಬೇಕು: ಒಂಬತ್ತರಿಂದ ಭಾಗವಾದ ಮಾತ್ರಕ್ಕೆ ಅದಲುಬದಲೇ ಆಯಿತೆಂದು ಸಿದ್ಧವಾಗದು; ಯಾವುದಾದರೊಂದು ಮೊತ್ತವನ್ನು ಕಣ್ಣುಮುಚ್ಚಿ ಆರಿಸಿದರೂ ಒಂಬತ್ತರಲ್ಲಿ ಒಂದು ಸಲ ಅದು ಹಾಗೆ ಭಾಗವಾದೀತು. ಭಾಗವಾಗದೆ ಹೋದರೆ ಮಾತ್ರ, ಇಂತಹದೊಂದು ಅದಲುಬದಲಿನಿಂದಲೇ ತಪ್ಪು ಬಂದುದಲ್ಲವೆಂದು ಧೈರ್ಯವಾಗಿ ಹೇಳಬಹುದು.

ಈ ಒಂಬತ್ತಿಗೆ ಅಂತಹ ಮಹಿಮೆ ಎಲ್ಲಿಂದ ಬಂದಿತು? ಒಂಬತ್ತಿನಲ್ಲೇ ಏನೋ ಮಂತ್ರಶಕ್ತಿಯಿದೆಯೆಂದು ಪುಸ್ತಕ ಬರೆದವರೂ ಇದ್ದಾರೆ. ಅದು ಹತ್ತಕ್ಕಿಂತ ಒಂದು ಕಡಿಮೆ ಎಂಬುದಷ್ಟೆ ಅದರ ಮಹಿಮೆ. ಇದನ್ನು ನಮ್ಮ ಹಿರಿಯರ ನಾಣ್ಯದಿಂದಲೇ ತೋರಿಸಬಹುದು. 1957ರ ಏಪ್ರಿಲ್ 1ರಂದು ದಶಾಂಶ ನಾಣ್ಯ ಬರುವವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಐದು ರೂಪಾಯಿ ಎಂಟಾಣೆಯನ್ನು ಆ ಕಾಲದ ಗುಮಾಸ್ತನೊಬ್ಬನು ಎಂಟು ರೂಪಾಯಿ ಐದಾಣೆ ಎಂದು ಬರೆದನೆನ್ನಿ. ಮೊದಲಿನದು 88 ಆಣೆ, ಎರಡನೆಯದು 133 ಆಣೆ. ವ್ಯತ್ಯಾಸ 45 ಆಣೆ. ಇಲ್ಲಿ ನೋಡಬೇಕಾದುದು ಒಂಬತ್ತನ್ನಲ್ಲ, ಹದಿನೈದನ್ನು. ಹದಿನಾರಕ್ಕಿಂತ ಒಂದು ಕಡಿಮೆ. ಹದಿನೈದು ಮೂರಲೆ ನಲವತ್ತೈದು. ರೂಪಾಯಿಗೂ ಆಣೆಗೂ ಮೂರರ ಅಂತರವಿರುವ ಬಾಬನ್ನು ಹುಡುಕಬೇಕು. ಎಂದರೆ ಎರಡು ರೂಪಾಯಿ ಹದಿಮೂರಾಣೆಯ ವ್ಯತ್ಯಾಸವನ್ನು ಕಂಡ ಜಾಣನು ಅದನ್ನು ಆಣೆಗಿಳಿಸಿ ಹದಿನೈದರಿಂದ ಭಾಗಿಸುತ್ತಿದ್ದನು. ಆಣೆಯೂ ಪೈಯೂ ಅದಲುಬದಲಾದರೆ ಪೈಗಳಲ್ಲಿ ಹನ್ನೊಂದರ ಅಪವರ್ತ್ಯ ಬರುವುದು. ನಮಗೆ ಕೈಬೆರಳುಗಳು ಎಂಟಿದ್ದಿದ್ದರೆ ಏಳನ್ನು ಪೂಜಿಸುತ್ತಿದ್ದೆವು.

ಅದಲುಬದಲಿನ ಅಪಾಯವು ಪೇಟೆಯಲ್ಲಿ ಮಾತ್ರವಲ್ಲ, ಚರಿತ್ರೆಯಲ್ಲಿಯೂ ಉಂಟು. ನಮ್ಮ ಶಾಸನಗಳಲ್ಲಿಯೂ ಕಾವ್ಯಗಳ ಕೊನೆಯಲ್ಲಿಯೂ ಶಕವರ್ಷವನ್ನು ಕೆಲವೆಡೆ ಅಂಕಿಗಳ ಬದಲು ಪದಾರ್ಥಗಳ ಹೆಸರಿನಿಂದ ಹೇಳುವರು: ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಬಾಣವೆಂದರೆ ಐದು, ಗಿರಿಯೆಂದರೆ ಏಳು, ಗಗನವೆಂದರೆ ಸೊನ್ನೆ. ಇವನ್ನು ಬಿಡಿಸ್ಥಾನದಿಂದ ಮೊದಲುಮಾಡಿ ಎಡಕ್ಕೆ ನಡೆಸುತ್ತ ಓದಬೇಕೆಂಬುದು ಸಂಪ್ರದಾಯ. ಹೂವಿನಹಡಗಲಿಯ ಕೇಶವಸ್ವಾಮಿ ದೇವಾಲಯವು ಕ್ರಿಸ್ತಶಕ 1090ರದು. 78ನ್ನು ಕಳೆದರೆ ಶಕವರ್ಷ 1012. ಇದನ್ನು ಒಬ್ಬ ಕವಿಯು ಹೇಳುವುದಾದರೆ ‘ನೇತ್ರ, ಚಂದ್ರ, ಗಗನ, ಚಂದ್ರ’ ಎಂದಾನು. (ಇದು ಉದಾಹರಣೆಗಾಗಿ ನಾನು ಪೋಣಿಸಿದ್ದು, ಅಲ್ಲಿಯ ಕಲ್ಲಿನಲ್ಲಿ ಹುಡುಕಬೇಡಿ.) ಸಂಪ್ರದಾಯವನ್ನರಿಯದವನು ಎಡದಿಂದ ಬಲಕ್ಕೆ ಓದಿದರೆ 2101 ಆಗುವುದು, ದೇವಾಲಯವು ಇನ್ನೂ ಹುಟ್ಟದ ಶತಮಾನಕ್ಕೆ ಹಾರಿಬಿಡುವುದು! ತಪ್ಪು ಎಷ್ಟು ವರ್ಷದ್ದು? 2101ರಲ್ಲಿ 1012ನ್ನು ಕಳೆಯಿರಿ: 1089. ಅದು ಒಂಬತ್ತರ 121ಪಟ್ಟು. ತುದಿಯ ಎರಡು ಅಂಕಿಗಳ ಅದಲುಬದಲಿನಿಂದ 999, ನಡುವಿನ ಎರಡರಿಂದ 90. ಎರಡೂ ಒಂಬತ್ತರ ಮನೆತನದವೇ.

ಎರಡು ಕಡೆಯಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳಿಗೆ ಮಾತ್ರ ಈ ಭಯವಿಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನಿಗೆ ಇವುಗಳಲ್ಲಿ ಬಹಳ ಪ್ರೀತಿ. 142857143ನ್ನು ಏಳರಿಂದ ಗುಣಿಸಿ ನೋಡಿ, 1000000001 ಬರುವುದು. ಇಂತಹ ಗುಣಲಬ್ಧಗಳನ್ನು ಆತನು ಕಂಠಾಭರಣಗಳೆಂದು ಕರೆಯುವನು. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321 ಎಂಬ ಸಂಖ್ಯೆಯೂ ಅಲ್ಲಿದೆ. ಮಲ್ಲಿಗೆಗೆ ಹೆಸರಾದ ಹಡಗಲಿಯ ಕಡೆ ಹೂ ಕಟ್ಟುವವರಿಗೆ ಈ ಉಪಮಾನವನ್ನು ವಿವರಿಸಬೇಕಾಗಿಲ್ಲ. ಮಾಲೆಯ ಯಾವ ತುದಿಯನ್ನು ಹಿಡಿದೆತ್ತಿದರೂ ಅದು ಅದೇ ಮಾಲೆ. ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚುಮಾಡಿಸಿದರು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಕನ್ನಡದಲ್ಲಿ ಗಣಿತ ಸಾಗದು ಎನ್ನುವವರು ಎಂಟುನೂರು ವರ್ಷಗಳಷ್ಟು ತಡವಾಗಿ ಬಂದಿದ್ದಾರೆ.

ಹತ್ತಿರದ ಕಾಲದವನನ್ನೂ ಒಬ್ಬನನ್ನು ನೆನೆಯಬೇಕು. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದ ಕಾಪ್ರೇಕರರು (1905–1986) ಅಂಕಿಗಳ ಆಟದಿಂದಲೇ ಲೋಕಪ್ರಸಿದ್ಧರಾದರು. ನಾಲ್ಕು ಅಂಕಿಗಳ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿ. ನಾಲ್ಕೂ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಯುವ ಕ್ರಮದಲ್ಲಿ ಬರೆದು, ಅದರಿಂದ ಏರುವ ಕ್ರಮದಲ್ಲಿ ಬರೆದುದನ್ನು ಕಳೆಯಿರಿ. ಬಂದುದಕ್ಕೂ ಹಾಗೆಯೇ ಮಾಡಿ. ನಮ್ಮ 1090ರಿಂದಲೇ ಹೊರಡೋಣ. 9100ರಲ್ಲಿ 0019 ಹೋದರೆ 9081. 9810ರಲ್ಲಿ 0189 ಹೋದರೆ 9621. 9621ರಲ್ಲಿ 1269 ಹೋದರೆ 8352. 8532ರಲ್ಲಿ 2358 ಹೋದರೆ 6174. ಇನ್ನು ಮುಂದೆ ಎಷ್ಟು ಸಲ ಮಾಡಿದರೂ 6174ನ್ನು ಬಿಟ್ಟು ಕದಲುವಂತಿಲ್ಲ. ಎಲ್ಲಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಅಲ್ಲಿಗೇ ಬಂದು ಸೇರುವೆವು.

ಕಾಲವಾಯಿತು. ಕಾಗದ ಸೀಸದಕಡ್ಡಿ ಹತ್ತಿರವಿರುವ ಶ್ರೋತೃಗಳಿಗೆ ಒಂದು ಲೆಕ್ಕವನ್ನು ಕೊಟ್ಟು ನಾನು ನಿಲ್ಲಿಸುವೆನು. ಮೂರು ಅಂಕಿಗಳ ಒಂದು ಶಕವರ್ಷವುಂಟು. ಅದನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅಂಕಿಗಳನ್ನು ಕೂಡಿದರೆ 25 ಬರುವುದು. ನಡುವಿನ ಅಂಕಿಯು ಪಕ್ಕದ ಅಂಕಿಗಿಂತ 2 ಕಡಿಮೆ. ಬಂದ ಉತ್ತರಕ್ಕೆ 78ನ್ನು ಕೂಡಿಸಿರಿ. ಹಡಗಲಿಗೆ ನೆರೆಯದಾದ ಹಿರೇಹಡಗಲಿಯಲ್ಲಿ, ಚಾಲುಕ್ಯ ಒಂದನೆಯ ಸೋಮೇಶ್ವರನ ಮಂತ್ರಿಯಾದ ದೇಮರಸನು ಕಟ್ಟಿಸಿದ ಕಲ್ಲೇಶ್ವರ ದೇವಾಲಯದ ಕ್ರಿಸ್ತಶಕ ವರ್ಷವು ನಿಮಗೆ ದೊರೆಯುವುದು.